ಮೈಕಿನವನು ಹೇಳಿದ ಹೆಸರು

ಚಿತ್ರದುರ್ಗ
12 ಜನವರಿ 2025

ಚಿ. ಪಾಲಯ್ಯನಿಗೆ ಆಶೀರ್ವಾದಗಳು.

ಫೋನು ಮಾಡಬಹುದಿತ್ತು. ಆದರೆ ಫೋನಿನಲ್ಲಿ ಹೊಗಳಿದ್ದೂ ಬೈದದ್ದೂ ಗಾಳಿಗೆ ಹೋಗುತ್ತದೆ. ಹಿರಿಯೂರು ಹೈಸ್ಕೂಲಿನಲ್ಲಿ ನಿನಗೆ ಸಮಾಜ ಪಾಠ ಮಾಡುವಾಗಲೇ ಹೇಳಿದ್ದೆನಲ್ಲ, ಬರೆದ ಮಾತಿಗೆ ಮಾತ್ರ ಮನುಷ್ಯ ಜವಾಬ್ದಾರ ಎಂದು.

ನಿನ್ನ ಹೊಸದುರ್ಗದ ಕಾಲೇಜಿನ ಹುಡುಗಿಯರು ಅಂತರ ಕಾಲೇಜು ಫುಟ್‌ಬಾಲಿನ ಫೈನಲಿಗೆ ಬಂದಿದ್ದಾರೆ ಎಂಬ ಸುದ್ದಿಯನ್ನು ಪತ್ರಿಕೆಯ ಒಳಪುಟದ ಮೂಲೆಯಲ್ಲಿ ಓದಿದೆ. ನಾಲ್ಕೇ ಸಾಲು. ಪಕ್ಕದಲ್ಲಿ ಯಾವನೋ ಮುಖಂಡನ ಹುಟ್ಟುಹಬ್ಬಕ್ಕೆ ಅರ್ಧ ಪುಟ. ಸಂಪಾದಕರಿಗೆ ಆಗಲೇ ಬರೆದು ಹಾಕಿದ್ದೇನೆ.

ನನ್ನ ನೆನಪಿನ ಶಕ್ತಿ ನಿನಗೆ ಗೊತ್ತು. 1996ನೇ ಇಸವಿ, ಹದಿನಾರು ವರ್ಷದೊಳಗಿನವರ ಜಿಲ್ಲಾ ತಂಡ. ನಿನ್ನ ಜಾಗಕ್ಕೆ ಬೇರೆ ಯಾರದೋ ಹೆಸರಿನಲ್ಲಿ ಒಬ್ಬನನ್ನು ತಂದು ನಿಲ್ಲಿಸಿದ್ದರು. ಬೆಳಗ್ಗೆ ಗಡ್ಡ ಕೆರೆದುಕೊಂಡು ಬಂದದ್ದು ಅವನ ಕೆನ್ನೆಯ ಮೇಲೆ ಹಸಿರಾಗಿ ಕಾಣುತ್ತಿತ್ತು. ನೀನು ನಿಮ್ಮಪ್ಪನ ಕರಿ ಕಂಬಳಿ ಹೊದ್ದು ಮೈದಾನದ ಹೊರಗೆ ಕೂತಿದ್ದೆ. ನಾನು ಪತ್ರಿಕೆಗೆ ಬರೆದೆ. ಸುಳ್ಳು ಹೆಸರಿನಲ್ಲಿ ಗೆದ್ದರೆ ಗೆದ್ದವರು ಯಾರು ಎಂದು ಕೇಳಿದ್ದೆ. ಆ ವರ್ಷ ಏನೂ ಆಗಲಿಲ್ಲ. ಮರುವರ್ಷ ನಿನ್ನನ್ನು ತೆಗೆದುಕೊಂಡರು. ಅಲ್ಲಿಂದ ನೀನು ಬೆಂಗಳೂರಿನ ಕಾರ್ಖಾನೆ ತಂಡಕ್ಕೆ ಹೋದದ್ದು, ಎಂಟು ವರ್ಷ ಆಡಿದ್ದು, ಮೊಣಕಾಲು ಕಳೆದುಕೊಂಡು ಬಂದದ್ದು, ಹೊಳಲ್ಕೆರೆಯ ಶಾಲೆಯಲ್ಲಿ ಡ್ರಿಲ್ ಮಾಸ್ತರನಾಗಿ ಮಕ್ಕಳ ಸಾಲು ನೇರ ಮಾಡುತ್ತಾ ಕೂತದ್ದು, ಎಲ್ಲವೂ ನನಗೆ ನಿನ್ನೆಯ ಹಾಗಿದೆ.

ಈಗ ಒಂದು ಮಾತು. ಕಾವ್ಯಶ್ರೀ ನನ್ನ ಮೊಮ್ಮಗಳು, ತಾಳ್ಯದ ನನ್ನ ಮಗಳು ಮಂಗಳಾಳ ಮಗಳು, ಎಂದು ನಿನಗೆ ಗೊತ್ತಿದೆ. ಬಿ.ಎ. ಕೊನೆಯ ವರ್ಷ. ಮುಂದಿನ ವರ್ಷ ಅವಳು ಕಾಲೇಜಿನಲ್ಲಿ ಇರುವುದಿಲ್ಲ. ಫೈನಲಿನಲ್ಲಿ ಅವಳನ್ನು ಹೊರಗೆ ಕೂರಿಸಬೇಡ. ಕಾಲು ನೋವಿರಲಿ, ಮತ್ತೊಂದಿರಲಿ, ಏನಾದರೂ ಮಾಡಿ ಆಡಿಸು. ಚಂದ್ರವಳ್ಳಿಗೆ ನನ್ನ ಜೊತೆ ಬೆಳಗಿನ ವಾಕಿಂಗ್ ಬರುವವರನ್ನೆಲ್ಲ ಕರೆದಿದ್ದೇನೆ. ಬಸ್ ಕಂಡಕ್ಟರ್ ಆಗಿದ್ದ ದುರುಗಣ್ಣ ಕೇಳುತ್ತಾನೆ: "ಬರ್ತೀನಿ ಮೇಷ್ಟ್ರೇ, ಆದ್ರೆ ಫುಟ್‌ಬಾಲ್‌ನಾಗೆ ರೈಡ್ ಯಾವಾಗ ಹೋಗ್ತಾರೆ?" ಕಬಡ್ಡಿಯೊಂದನ್ನೇ ಕಂಡ ಇಂಥವರಿಗೆ ನಾನು ಆಟ ತೋರಿಸಬೇಕಾಗಿದೆ.

ಕೆ. ಮೂಡಲಗಿರಿಯಪ್ಪ
ನಿವೃತ್ತ ಮುಖ್ಯೋಪಾಧ್ಯಾಯರು, ಚಿತ್ರದುರ್ಗ
(ಸೀಲು)


ಹೊಸದುರ್ಗ
21 ಜನವರಿ 2025

ಪೂಜ್ಯ ಮೇಷ್ಟ್ರಿಗೆ ಪಾಲಯ್ಯನ ನಮಸ್ಕಾರಗಳು.

ನಿಮ್ಮ ಕಾಗದ ಬಂತು. ಸೀಲು ನೋಡಿ ನಮ್ಮ ಕಾಲೇಜಿನ ಜವಾನ ಇದು ಸರ್ಕಾರಿ ನೋಟಿಸು ಎಂದು ತಿಳಿದು ಪ್ರಿನ್ಸಿಪಾಲರ ಮೇಜಿನ ಮೇಲೆ ಇಟ್ಟಿದ್ದ. ಮನೆಯ ಕಾಗದಕ್ಕೂ ಸೀಲು ಹಾಕುವವರು ನೀವೊಬ್ಬರೇ ಇರಬೇಕು.

ಕಾವ್ಯಶ್ರೀ ಆಡುತ್ತಾಳೆ. ನೀವು ಹೇಳದಿದ್ದರೂ ಆಡುತ್ತಿದ್ದಳು. ಬೆಳಗ್ಗೆ ನಾನು ಬರುವುದಕ್ಕೆ ಮೊದಲೇ ಮೈದಾನದಲ್ಲಿ ಇರುತ್ತಾಳೆ. ಸಂಜೆಯೂ ಇರುತ್ತಾಳೆ. ಮಧ್ಯಾಹ್ನ ಬಿಸಿಲಿನಲ್ಲಿ ನಾನು ಏನಾದರೂ ತೆಗೆದುಕೊಂಡು ಹೋಗಲು ಬಂದರೂ ಒಬ್ಬಳೇ ಹಿಂದಿನ ಗೋಡೆಗೆ ಚೆಂಡು ಹೊಡೆಯುತ್ತಿರುತ್ತಾಳೆ. ಇಂಥ ಶ್ರದ್ಧೆಯನ್ನು ನಾನು ಇಷ್ಟು ವರ್ಷದಲ್ಲಿ ಯಾರಲ್ಲೂ ಕಂಡಿಲ್ಲ.

ನಿಮ್ಮ ಜೊತೆ ಬರುವವರಿಗೆ ಒಂದು ಮಾತು ಹೇಳಿಬಿಡಿ, ನಗಬಾರದು. ಅರ್ಧ ಆಟಕ್ಕೆ ನಾನು ಮರದ ಕೆಳಗೆ ಕಂಬಳಿ ಹಾಸುತ್ತೇನೆ. ಹುಡುಗಿಯರು ಬೂಟು ಬಿಚ್ಚಿ ಅದರ ಮೇಲೆ ಕೂರುತ್ತಾರೆ. ನಮ್ಮ ಹಟ್ಟಿಯಲ್ಲಿ ಏನಾದರೂ ತಕರಾರು ಬಂದರೆ ಹಿರಿಯರು ಹೀಗೆಯೇ ಕಂಬಳಿ ಹಾಸಿ ಕೂರಿಸುತ್ತಿದ್ದರು. ಅದರ ಮೇಲೆ ಕೂತವರು ಸುಳ್ಳು ಹೇಳುವ ಹಾಗಿಲ್ಲ. ಕೊಡವಿ ಮಡಿಸಿದ ಮೇಲೆ ಅಲ್ಲಿ ಆಡಿದ ಮಾತನ್ನು ಹೊರಗೆ ಒಯ್ಯುವ ಹಾಗೂ ಇಲ್ಲ. ಯಾರು ಸುಸ್ತಾದರು, ಯಾರಿಗೆ ಹೆದರಿಕೆ, ಯಾರಿಗೆ ಯಾರ ಮೇಲೆ ಸಿಟ್ಟು, ಎಲ್ಲ ಅಲ್ಲಿ ಹೇಳುತ್ತಾರೆ. ಬೇರೆ ಕಾಲೇಜಿನವರು ನಮ್ಮನ್ನು "ಕುರಿ ಟೀಮ್" ಎನ್ನುತ್ತಾರೆ. ಅನ್ನಲಿ, ಕುರಿಗಳೇ ಫೈನಲಿಗೆ ಬಂದಿವೆ.

ನಿಮಗಲ್ಲದೆ ಇನ್ಯಾರಿಗೂ ಹೇಳಿಲ್ಲ. ಏಳು ವರ್ಷದಿಂದ ಇಲ್ಲಿ ನಾನು ತಾತ್ಕಾಲಿಕ. ನಮ್ಮ ಜಂಪಣ್ಣ ಸ್ಮಾರಕ ಕಾಲೇಜಿನ ಕಾರ್ಯದರ್ಶಿ ಚೇತನ್‌ಕುಮಾರ್ ಮೊನ್ನೆ ಹೆಗಲ ಮೇಲೆ ಕೈ ಹಾಕಿ, "ಕಪ್ ತಗಂಬರ್ರಿ ಪಾಲಯ್ಯ, ಕಾಯಂ ಆರ್ಡರ್ ತಗಂಡೋಗ್ರಿ" ಎಂದರು. ನನಗೆ ನಲವತ್ಮೂರಾಯಿತು. ಈ ಮೊಣಕಾಲಿಗೆ ಇನ್ನೆಲ್ಲಿ ಕೆಲಸ ಸಿಗುತ್ತದೆ? ಹಾಗಾಗಿ ನಿಮಗಿಂತ ನನಗೇ ಈ ಪಂದ್ಯ ಹೆಚ್ಚು ಬೇಕಾಗಿದೆ.

ಫೆಬ್ರುವರಿ ಎರಡು, ಭಾನುವಾರ, ನಿಮ್ಮೂರಿನ ಕ್ರೀಡಾಂಗಣದಲ್ಲಿ. ಗ್ಯಾಲರಿಯ ಪಡುವಣ ಕಡೆ ಕೂರಿ, ನೆರಳು ಇರುತ್ತದೆ.

ನಿಮ್ಮ ಪಾಲಯ್ಯ


ಚಿತ್ರದುರ್ಗ
4 ಫೆಬ್ರುವರಿ 2025

ಪಾಲಯ್ಯ,

"ಚಿರಂಜೀವಿ" ಎಂದು ಬರೆಯಲು ಮನಸ್ಸು ಬರಲಿಲ್ಲ.

ಭಾನುವಾರ ಕಂಡದ್ದನ್ನು ಕಂಡ ಹಾಗೆ ಬರೆಯುತ್ತೇನೆ, ನಾಳೆ ನೀನು ಹಾಗಲ್ಲ ಎನ್ನಬಾರದು. ನಮ್ಮ ಗುಂಪು ನೀನು ಹೇಳಿದ ನೆರಳಿನಲ್ಲೇ ಮಂಡಕ್ಕಿ ಪೊಟ್ಟಣ ಹಿಡಿದು ಕೂತಿತ್ತು. ಅರ್ಧ ಆಟ ಇನ್ನೇನು ಮುಗಿಯಬೇಕು ಎನ್ನುವಾಗ ಕಾವ್ಯಶ್ರೀ ಇಬ್ಬರ ನಡುವೆ ನುಸುಳಿ ಎಡಗಾಲಿನಲ್ಲಿ ಹೊಡೆದಳು. ಬಲೆ ಅಲುಗಿದ್ದು ಕಂಡಿತು. ದುರುಗಣ್ಣ ಎದ್ದು ನಿಂತು, ಬಸ್ಸು ಹೊರಡಿಸುವವನ ಹಾಗೆ ಶಿಳ್ಳೆ ಹೊಡೆದ. ಆಗ ಮೈಕಿನಲ್ಲಿ ಬಂತು: "ಹೊಸದುರ್ಗದ ಪರ ಮೊದಲ ಗೋಲು. ಜರ್ಸಿ ನಂಬರ್ ಒಂಬತ್ತು, ಮಮತಾ."

ಮಮತಾ ಅಂತೆ! ದುರುಗಣ್ಣ ನನ್ನ ಮುಖ ನೋಡಿ, "ಮೇಷ್ಟ್ರೇ, ಮೊಮ್ಮಗಳಿಗೆ ಯಾವಾಗ ಹೊಸ ಹೆಸ್ರು ಇಟ್ರಿ? ನಮಗೆ ಹೋಳಿಗೆ ಊಟನೇ ಹಾಕಿಸ್ಲಿಲ್ಲ" ಎಂದ. ಎಲ್ಲರೂ ನಕ್ಕರು. ನನಗೆ ಮೈ ಉರಿಯಿತು. ಮತದಾರರ ಪಟ್ಟಿಯಲ್ಲಿ ನನ್ನನ್ನು ಮೂಡಲಗಿರಿಯಮ್ಮ ಎಂದು ಬರೆದು ಹೆಣ್ಣು ಮಾಡಿದ ಊರು ಇದು. ಅದನ್ನು ಸರಿ ಮಾಡಿಸಲು ನಾನು ಎರಡು ಚುನಾವಣೆ ಮುಗಿಯುವ ತನಕ ಕಚೇರಿ ಅಲೆದಿದ್ದೇನೆ. ಮೊಮ್ಮಗಳ ಗೋಲನ್ನು ಇನ್ನೊಬ್ಬಳ ಹೆಸರಿಗೆ ಬರೆಯಲು ಬಿಡುತ್ತೇನೆಯೇ? ಮೆಟ್ಟಿಲಿಳಿದು ನೇರ ಸಂಘಟಕರ ಮೇಜಿಗೆ ಹೋದೆ.

ಮೈಕಿನವನು ಹೇಳಿದ, "ಲಿಸ್ಟ್‌ನಾಗೆ ಹಂಗೇ ಐತೆ ಅಜ್ಜ, ನಾನೇನ್ ಮಾಡ್ಲಿ?"

"ಲಿಸ್ಟ್ ಬರೆದವನು ತಪ್ಪು ಬರೆದಿದ್ದಾನೆ. ಆ ಹುಡುಗಿ ಕಾವ್ಯಶ್ರೀ. ನನಗಿಂತ ಚೆನ್ನಾಗಿ ನಿನಗೆ ಗೊತ್ತಾ? ಸರಿ ಮಾಡಿ ಇನ್ನೊಂದು ಸಲ ಕೂಗು."

ಬ್ಯಾಡ್ಜು ಹಾಕಿಕೊಂಡಿದ್ದವರೊಬ್ಬರು, "ಕುಂತ್ಕಳ್ರಿ ಅಜ್ಜಾರೆ, ಅವರ ಕೋಚ್‌ನ ಕರೆಸಿ ಕೇಳಾಣ" ಎಂದರು. ನಾನು ಕೂರಲಿಲ್ಲ. ಸರಿ ಮಾಡುವ ತನಕ ಇಲ್ಲೇ ನಿಂತಿರುತ್ತೇನೆ ಎಂದು ಮೇಜಿನ ಮುಂದೆಯೇ ನಿಂತೆ.

ಅಲ್ಲಿ ನಿಂತೇ ಉಳಿದದ್ದನ್ನು ಕಂಡೆ. ನೀನು ಕಂಬಳಿ ಹಾಸಿದೆ, ಅವರು ಕೂತರು, ನೀನು ಏನೋ ಕೇಳಿದೆ. ಆಮೇಲೆ ಎದ್ದು ರೆಫರಿಯ ಬಳಿ ಹೋಗಿ ಕೈ ಮುಗಿದೆ. ನಿನ್ನ ಹುಡುಗಿಯರು ಬೂಟು ಕೈಯಲ್ಲಿ ಹಿಡಿದು ಬರಿಗಾಲಿನಲ್ಲಿ ಗೇಟಿನ ಕಡೆ ನಡೆದರು. ಕಾವ್ಯಶ್ರೀ ಟವಲಿನಲ್ಲಿ ಮುಖ ಮುಚ್ಚಿಕೊಂಡಿದ್ದಳು. ಹುಡುಗಿಯರಿಗೆ ಹುಷಾರಿಲ್ಲ ಎಂದು ಹೇಳಿದೆಯಂತೆ. ಹನ್ನೊಂದು ಜನರಿಗೂ ಒಂದೇ ಗಳಿಗೆಯಲ್ಲಿ ಹುಷಾರು ತಪ್ಪುವ ಕಾಯಿಲೆಯ ಹೆಸರನ್ನು ನಾನು ಯಾವ ಪುಸ್ತಕದಲ್ಲೂ ಓದಿಲ್ಲ.

ಒಂದು ಗೋಲು ಮುಂದಿದ್ದ ತಂಡವನ್ನು ಕರೆದುಕೊಂಡು ಹೋದೆಯಲ್ಲ, ಏಕೆ? ಕಾವ್ಯಶ್ರೀ ಈಗ ನನ್ನ ಮನೆಯಲ್ಲಿದ್ದಾಳೆ, ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಾಳೆ. ಏನು ಕೇಳಿದರೂ "ಸರ್‌ನ ಕೇಳು" ಎನ್ನುತ್ತಾಳೆ. ಅದಕ್ಕೇ ನಿನ್ನನ್ನು ಕೇಳುತ್ತಿದ್ದೇನೆ.

ಕೆ. ಮೂಡಲಗಿರಿಯಪ್ಪ
ನಿವೃತ್ತ ಮುಖ್ಯೋಪಾಧ್ಯಾಯರು, ಚಿತ್ರದುರ್ಗ
(ಸೀಲು)


ಹೊಸದುರ್ಗ
11 ಫೆಬ್ರುವರಿ 2025

ಪೂಜ್ಯ ಮೇಷ್ಟ್ರಿಗೆ,

ನೀವು ಬರೆದದ್ದೆಲ್ಲ ನಿಜ. ಹುಷಾರಿಲ್ಲ ಎಂದು ನಾನು ಹೇಳಿದ್ದು ಸುಳ್ಳು. ಆಡಿಸಬಾರದು ಎಂದು ತೀರ್ಮಾನಿಸಿದವನು ನಾನೊಬ್ಬನೇ. ಹುಡುಗಿಯರದು ಏನೂ ತಪ್ಪಿಲ್ಲ.

ಕಾರಣ ಕೇಳಬೇಡಿ. ಕಂಬಳಿ ಮಡಿಸಿಯಾಗಿದೆ.

ಕಾವ್ಯಶ್ರೀಯನ್ನು ಸ್ವಲ್ಪ ದಿನ ಏನೂ ಕೇಳದೆ ಬಿಡಿ. ಹೊಟ್ಟೆ ತುಂಬ ಊಟ ಹಾಕಿಸಿ. ನನ್ನ ಮೇಲೆ ಸಿಟ್ಟು ಮಾಡಿಕೊಳ್ಳಿ, ಅದಕ್ಕೆ ನಿಮಗೆ ಹಕ್ಕಿದೆ.

ಪಾಲಯ್ಯ


ಚಿತ್ರದುರ್ಗ
24 ಫೆಬ್ರುವರಿ 2025

ಪಾಲಯ್ಯ,

ಹಕ್ಕನ್ನು ನೀನು ಕೊಡಬೇಕಾಗಿಲ್ಲ. ಮೊನ್ನೆ ಶನಿವಾರದ ಪತ್ರಿಕೆಯ ವಾಚಕರ ವಿಭಾಗ ನೋಡು. "ಗೆಲ್ಲುತ್ತಿದ್ದ ಪಂದ್ಯವನ್ನು ಬಿಟ್ಟುಕೊಟ್ಟದ್ದು ಯಾರಿಗಾಗಿ?" ಎಂಬ ತಲೆಬರಹ. ನಿನ್ನ ಹೆಸರು ಹಾಕಿದ್ದೇನೆ. ಮುಚ್ಚಿ ಬರೆಯುವುದು ನನಗೆ ಬರುವುದಿಲ್ಲ. ನೀನು ಪಂದ್ಯ ಮಾರಿಕೊಂಡೆ ಎಂದು ಎಲ್ಲಿಯೂ ಬರೆದಿಲ್ಲ, ಕೊನೆಯಲ್ಲಿ ಪ್ರಶ್ನಾರ್ಥಕ ಚಿಹ್ನೆ ಇಟ್ಟಿದ್ದೇನೆ. ಉತ್ತರ ಇದ್ದವನು ಕೊಡಬಹುದು.

ನಿನ್ನ ಮೊದಲ ಪತ್ರದಲ್ಲಿ ಕಂಬಳಿಯ ಮೇಲೆ ಸುಳ್ಳು ಹೇಳಬಾರದು ಎಂದು ಬರೆದಿದ್ದೆ. ಈಗ ಅದೇ ಕಂಬಳಿಯನ್ನು ಹೊದ್ದು ಅಡಗಿದ್ದೀಯೆ. ನಿಮ್ಮ ಹಟ್ಟಿಯ ಹಿರಿಯರು ಕಂಬಳಿ ಹಾಸಿದ್ದು ಸತ್ಯ ಹೊರಗೆ ಬರಲಿ ಎಂದೇ ಹೊರತು ಮುಚ್ಚಿಡಲು ಅಲ್ಲ ಎಂಬುದು ನನ್ನ ತಿಳಿವಳಿಕೆ.

ನಿಮ್ಮ ಕಾರ್ಯದರ್ಶಿ ಚೇತನ್‌ಕುಮಾರ್ ಫೋನು ಮಾಡಿ, "ನಮ್ಮ ಮನಸ್ಸಿನಲ್ಲಿದ್ದದ್ದನ್ನೇ ಬರೆದಿದ್ದೀರಿ" ಎಂದು ಹೊಗಳಿದರು. ಸಜ್ಜನರ ಹಾಗೆ ಕಂಡರು.

ಕೆ. ಮೂಡಲಗಿರಿಯಪ್ಪ
ನಿವೃತ್ತ ಮುಖ್ಯೋಪಾಧ್ಯಾಯರು, ಚಿತ್ರದುರ್ಗ
(ಸೀಲು)


ಹಿರಿಯೂರು ತಾಲ್ಲೂಕು
30 ಮಾರ್ಚ್ 2025

ಪೂಜ್ಯ ಮೇಷ್ಟ್ರಿಗೆ ನಮಸ್ಕಾರಗಳು.

ಯುಗಾದಿಯ ಶುಭಾಶಯಗಳು. ವಿಳಾಸ ಬದಲಾಗಿರುವುದನ್ನು ಕಂಡಿರಬಹುದು. ಮಾರ್ಚ್ ಮೊದಲ ವಾರದಲ್ಲಿ ಕಾಲೇಜಿನಿಂದ ತೆಗೆದರು. ನಿಮ್ಮ ಬರಹವನ್ನು ಕತ್ತರಿಸಿ ಕಾರ್ಯದರ್ಶಿಗಳು ನನ್ನ ಮುಂದೆ ಇಟ್ಟರು. "ಊರೇ ಕೇಳ್ತೈತೆ ಪಾಲಯ್ಯ, ನಾನೇನ್ ಮಾಡ್ಲಿ?" ಎಂದರು. ನಾನು ಕಂಬಳಿ ಮಡಿಸಿಕೊಂಡು ಬಂದೆ.

ಈಗ ತಮ್ಮ ಬೀರೇಶನ ಜೊತೆ ಹಟ್ಟಿಯಲ್ಲಿದ್ದೇನೆ. ಅವನ ಕುರಿಗಳ ಹಿಂದೆ ಸ್ವಲ್ಪ ದೂರ ನಡೆದು, ಮೊಣಕಾಲು ಹಿಡಿದುಕೊಂಡರೆ ಕೂರುತ್ತೇನೆ. "ಬೆಂಗ್ಳೂರಾಗೆ ಆಡಿದ ಕಾಲು, ಕುರಿ ಮುಂದೆ ಸೋತೋತಲ್ಲೋ ಅಣ್ಣ" ಎಂದು ನಗುತ್ತಾನೆ. ಸಂಜೆ ಒಣಗಿದ ಕೆರೆಯಂಗಳದಲ್ಲಿ ಹಟ್ಟಿಯ ಮಕ್ಕಳು ಸೇರುತ್ತಾರೆ. ಒಂದು ಚೆಂಡು ಇದೆ.

ನಿಮ್ಮನ್ನು ಒಂದೇ ಒಂದು ಕೇಳಿಕೊಳ್ಳುತ್ತೇನೆ. ಜೂನಿನಲ್ಲಿ ಕಾಲೇಜು ತೆರೆದಾಗ ಕಾವ್ಯಶ್ರೀಯ ಜೊತೆ ನೀವೇ ಹೋಗಿ ಬನ್ನಿ. ಅವಳು ಓದು ಬಿಡದ ಹಾಗೆ ನೋಡಿಕೊಳ್ಳಿ. ಏನು ಗೊತ್ತಾದರೂ ಬೈಯಬೇಡಿ.

ಪಾಲಯ್ಯ


ಚಿತ್ರದುರ್ಗ
8 ಏಪ್ರಿಲ್ 2025

ಪಾಲಯ್ಯ,

ನಿನ್ನ ಕೆಲಸ ಹೋದದ್ದು ಕೇಳಿ ನನಗೆ ಸಂತೋಷವಾಗಿಲ್ಲ. ವಿಷಾದವೂ ಆಗಿಲ್ಲ. ಉತ್ತರ ಹೇಳಿದ್ದರೆ ಉಳಿಯುತ್ತಿತ್ತು.

ನನ್ನ ಮೊಮ್ಮಗಳ ಓದಿನ ಚಿಂತೆ ನಿನಗೆ ಬೇಡ. ಕೊನೆಯ ವರ್ಷದವಳು ಜೂನಿನಲ್ಲಿ ಮತ್ತೆ ಕಾಲೇಜಿಗೆ ಏಕೆ ಹೋಗುತ್ತಾಳೆ? ನಿನ್ನ ಶಿಷ್ಯೆ ಯಾವ ವರ್ಷದಲ್ಲಿ ಓದುತ್ತಿದ್ದಾಳೆ ಎಂಬುದೂ ನಿನಗೆ ಗೊತ್ತಿಲ್ಲ. ಪರೀಕ್ಷೆಗೆ ಓದಿಕೊಳ್ಳಲು ರಜೆ ಕೊಟ್ಟಿದ್ದಾರಂತೆ, ಇಲ್ಲಿಯೇ ಇದ್ದಾಳೆ. ಇನ್ನು ಈ ಪತ್ರ ವ್ಯವಹಾರ ಸಾಕು.

ಕೆ. ಮೂಡಲಗಿರಿಯಪ್ಪ
ನಿವೃತ್ತ ಮುಖ್ಯೋಪಾಧ್ಯಾಯರು, ಚಿತ್ರದುರ್ಗ
(ಸೀಲು)


ಚಿತ್ರದುರ್ಗ
1 ಜೂನ್ 2025

ಪಾಲಯ್ಯ,

ಸಾಕು ಎಂದು ಬರೆದವನೇ ಮತ್ತೆ ಬರೆಯುತ್ತಿದ್ದೇನೆ.

ನಿನ್ನೆ ಬೆಳಗ್ಗೆ ಒಬ್ಬ ಹುಡುಗಿ ಬಾಗಿಲು ತಟ್ಟಿದಳು. ಹೊಳಲ್ಕೆರೆಯಿಂದ ಬಂದಿದ್ದಳು. "ಕಾವ್ಯಶ್ರೀ ಅದಾಳಾ ಅಜ್ಜ?" ಎಂದಳು. ಹೆಸರು ಕೇಳಿದೆ. ಮಮತಾ ಎಂದಳು. ಆಗಲೂ ನನಗೆ ಹೊಳೆಯಲಿಲ್ಲ, ನೋಡು. ನಗುತ್ತಾ, "ಓ, ನಿನ್ನಿಂದಾನೇ ಆ ಮೈಕಿನವನು ಎಡವಟ್ಟು ಮಾಡಿಕೊಂಡದ್ದು. ನಿನ್ನ ನಂಬರ್ ಎಷ್ಟಮ್ಮ?" ಎಂದು ಕೇಳಿದೆ.

ಅವಳು ತಲೆ ತಗ್ಗಿಸಿದಳು. "ನಾನು ಬಾಲ್ ಮುಟ್ಟೇ ಇಲ್ಲ ಅಜ್ಜ" ಎಂದಳು. ಚೀಲದಿಂದ ನೀಲಿ ರಿಬ್ಬನ್ನಿನ ಮೆಡಲೊಂದನ್ನು ತೆಗೆದಳು. "ರನ್ನರ್ಸ್ ಮೆಡಲ್. ಕಾಲೇಜ್ ಡೇ ದಿನ ಸ್ಟೇಜಿಗೆ ಕರೆದು ನನ್ನ ಕೊರಳಿಗೆ ಹಾಕಿದ್ರು. ಮನೇಲಿ ಇಟ್ಕಂಡ್ರೆ ನಿದ್ದೆ ಬರಲ್ಲ. ಇದು ಅವಳ್ದು."

ಕಾವ್ಯಶ್ರೀ ಅಡುಗೆಮನೆಯಿಂದ ಬಂದಳು, ಕೈಯೆಲ್ಲ ರೊಟ್ಟಿ ಹಿಟ್ಟು. "ಯಾಕೆ ತಂದ್ಯೇ ಇಲ್ಲಿಗೆ?" ಎಂದು ಅವಳನ್ನು ಗದರಿದಳು. ಆಮೇಲೆ ನನ್ನ ಕಡೆ ತಿರುಗಿ ನಿಂತಳು. "ಅಜ್ಜ, ಮೈಕಿನೋನು ಸರಿಯಾಗೇ ಹೇಳಿದ್ದ."

ನಾನು ಕುರ್ಚಿ ಹುಡುಕಿ ಕೂತೆ.

ಹಿಂದಿನ ವರ್ಷ ಹಾಜರಾತಿ ಸಾಲದೆ ಅವಳನ್ನು ಎರಡನೇ ವರ್ಷದ ಪರೀಕ್ಷೆಗೆ ಕೂರಿಸಲಿಲ್ಲವಂತೆ. ಕೊನೆಯ ವರ್ಷಕ್ಕೆ ಅವಳು ಸೇರಿಯೇ ಇಲ್ಲ. ನಮಗೆ ಹೇಳದೆ ಹೊಸದುರ್ಗದ ರೂಮಿನಲ್ಲೇ ಉಳಿದು ಮೈದಾನಕ್ಕೆ ಮಾತ್ರ ಹೋಗುತ್ತಿದ್ದಳಂತೆ. ಟೂರ್ನಮೆಂಟ್ ಬಂದಾಗ ಆ ಚೇತನ್‌ಕುಮಾರ್ ಕರೆದು, "ಮಮತಾ ಹೆಸರಾಗೆ ಆಡಮ್ಮ, ಒಂದು ತಿಂಗಳ ಮಾತು, ಯಾರ್ ನೋಡ್ತಾರೆ" ಎಂದನಂತೆ. ಪಟ್ಟಿ ಬರೆದು ಕಳಿಸಿದವನೂ ಅವನೇ; ಮೈಕು ಇದ್ದದ್ದು ಫೈನಲಿಗೆ ಮಾತ್ರ, ಹಾಗಾಗಿ ಅಲ್ಲಿಯ ತನಕ ನಿನಗೂ ತಿಳಿಯಲಿಲ್ಲವಂತೆ. ನಾನು ಸಜ್ಜನ ಎಂದು ನಿನಗೆ ಬರೆದದ್ದು ಇವನನ್ನೇ.

"ನನಗೆ ಯಾಕೆ ಹೇಳಲಿಲ್ಲ?" ಎಂದು ಕೇಳಿದೆ.

"ನಿಂಗೆ ಹೆಂಗಜ್ಜ ಹೇಳ್ಲಿ? ನೀನು ನನ್ನ ಮೇಲೇನೇ ಪೇಪರಿಗೆ ಬರೀತಿದ್ದೆ."

ಪಾಲಯ್ಯ, ನಲವತ್ತು ವರ್ಷ ನಾನು ಪತ್ರಿಕೆಗಳಿಗೆ ಬರೆದಿದ್ದೇನೆ. ಅದರಿಂದ ಊರಿಗೆ ಏನು ಉಪಕಾರವಾಯಿತೋ ಗೊತ್ತಿಲ್ಲ. ನನ್ನ ಮನೆಯ ಮಗು ನನಗೆ ಹೆದರಿ ಸುಳ್ಳು ಹೇಳುವುದನ್ನು ಕಲಿತಳು.

ಮುಂದಿನದನ್ನು ಅವಳು ನೆಲ ನೋಡುತ್ತಾ ಹೇಳಿದಳು. ಕಂಬಳಿಯ ಮೇಲೆ ನೀನು, "ಮಮತಾ ಯಾರವ್ವ?" ಎಂದು ಕೇಳಿದೆಯಂತೆ. ಇವಳು ಕೈಯೆತ್ತಿ, "ಇವತ್ತಿಗೆ ನಾನೇ ಸರ್" ಎಂದಳಂತೆ. ನೀನು ಮೇಜಿನ ಕಡೆ ನೋಡಿ, "ನಿಮ್ಮಜ್ಜ ಹೆಸ್ರು ಸರಿ ಮಾಡಿಸ್ದೆ ಅಲ್ಲಿಂದ ಅಲುಗೋರಲ್ಲ" ಎಂದೆಯಂತೆ. ಅವರು ನಿನ್ನನ್ನು ಕರೆಸಿ ಪಟ್ಟಿ ತೆರೆದಿದ್ದರೆ ಇವಳು ಅಲ್ಲೇ ಎಲ್ಲರ ಮುಂದೆ ಸಿಕ್ಕಿಬೀಳುತ್ತಿದ್ದಳು. ತಂಡವೇ ಹೋದರೆ ಪಟ್ಟಿಯನ್ನು ಯಾರೂ ನೋಡುವುದಿಲ್ಲ ಎಂದು ನೀನು ಎದ್ದು ಹೋದೆ. ಎಬ್ಬಿಸಿದವನು ಮೇಜಿನ ಮುಂದೆ ಎದೆ ಸೆಟೆಸಿ ನಿಂತಿದ್ದ ನಾನು.

ಆಮೇಲೆ ಬರೆದೆ. ಪ್ರಶ್ನಾರ್ಥಕ ಚಿಹ್ನೆಯ ಹಿಂದೆ ನಿಂತು ನಿನ್ನ ಅನ್ನಕ್ಕೆ ಕಲ್ಲು ಹಾಕಿದೆ. "ಏನಾದರೂ ಮಾಡಿ ಆಡಿಸು" ಎಂದು ಜನವರಿಯಲ್ಲಿ ಬರೆದವನೂ ನಾನೇ. ಇಂದು ಬೆಳಗ್ಗೆ ಚಂದ್ರವಳ್ಳಿಗೆ ಹೋಗಲಿಲ್ಲ. ದುರುಗಣ್ಣ ಬೀದಿಯಲ್ಲಿ ನಿಂತು ಕೂಗಿದ. ಮನೆಯಲ್ಲಿಲ್ಲ ಎಂದು ಹೇಳಿಸಿದೆ. ನನ್ನ ಬಾಯಿಗೂ ಸುಳ್ಳು ಎಷ್ಟು ಸಲೀಸಾಗಿ ಬಂತು.

ನಿನ್ನ ಕ್ಷಮೆ ಕೇಳಲು ಮುಖವಿಲ್ಲ. ಪತ್ರಿಕೆಗೆ ಎಲ್ಲವನ್ನೂ ಬರೆಯುತ್ತೇನೆ. ನಿನ್ನ ಹೆಸರು ತೊಳೆಯಬೇಕು.

ಮೂಡಲಗಿರಿಯಪ್ಪ


ಹಿರಿಯೂರು ತಾಲ್ಲೂಕು
14 ಜೂನ್ 2025

ಪೂಜ್ಯ ಮೇಷ್ಟ್ರಿಗೆ,

ನಿಮ್ಮ ಕಾಗದವನ್ನು ಬೀರೇಶನ ಮುಂದೆ ಓದಲಾಗದೆ ಕೆರೆಯ ಕಡೆ ಹೋಗಿ ಓದಿದೆ. ಸೀಲು ಇಲ್ಲದೆ ನಿಮ್ಮ ಕಾಗದ ಬಂದದ್ದು ಇದೇ ಮೊದಲು. ಅದನ್ನು ನೋಡಿದ ಕೂಡಲೇ ಕಾವ್ಯಶ್ರೀ ಹೇಳಿದ್ದಾಳೆ ಎಂದು ಗೊತ್ತಾಯಿತು.

ಮೇಷ್ಟ್ರೇ, ನನ್ನನ್ನು ದೊಡ್ಡವನನ್ನಾಗಿ ಮಾಡಬೇಡಿ. ನಾನು ಮಾಡಿದ್ದು ನಾಚಿಕೆಯ ಕೆಲಸವೇ. ರೆಫರಿಯ ಮುಂದೆ ನಿಂತು, ನಮ್ಮ ಒಬ್ಬಳು ಆಟಗಾರ್ತಿಗೆ ಆಡುವ ಅರ್ಹತೆ ಇಲ್ಲ, ನಮ್ಮದು ತಪ್ಪಾಯಿತು ಎನ್ನಬೇಕಿತ್ತು. ನಾನು ಹುಷಾರಿಲ್ಲ ಎಂದೆ. ಏನೂ ತಪ್ಪು ಮಾಡದ ಹತ್ತು ಹುಡುಗಿಯರು ಮನೆಗೆ ಹೋಗಿ ಅಪ್ಪ ಅಮ್ಮನಿಗೆ ಏನು ಹೇಳಿದರೋ. ಅವರು ನನಗೆ ಫೋನು ಮಾಡುವುದಿಲ್ಲ.

ಇನ್ನೊಂದು ಇದೆ. ಮಧ್ಯಾಹ್ನದ ಬಿಸಿಲಿನಲ್ಲಿ ಒಬ್ಬಳೇ ಗೋಡೆಗೆ ಚೆಂಡು ಹೊಡೆಯುತ್ತಿದ್ದಾಳೆ, ಇಂಥ ಶ್ರದ್ಧೆ ಕಂಡಿಲ್ಲ ಎಂದು ನಿಮಗೆ ಬರೆದೆನಲ್ಲ. ಅದು ತರಗತಿ ನಡೆಯುವ ಹೊತ್ತು. ಉಳಿದವರೆಲ್ಲ ಒಳಗೆ ಇರುತ್ತಿದ್ದರು. ಇವಳೊಬ್ಬಳು ಏಕೆ ಹೊರಗಿದ್ದಾಳೆ ಎಂದು ಒಂದು ದಿನವೂ ಕೇಳಲಿಲ್ಲ. ಅವಳ ಹಾಜರಾತಿ ತಿಂದದ್ದು ನನ್ನ ಪ್ರಾಕ್ಟೀಸು. ಮಂದೆಯಲ್ಲಿ ಒಂದು ಕುರಿ ಕುಂಟಿದರೆ ದೂರದಿಂದಲೇ ಗುರುತು ಹಿಡಿಯುವ ಮನೆಯಲ್ಲಿ ಹುಟ್ಟಿದವನು ನಾನು.

ಕೊನೆಯದು ಹೇಳದೆ ಇರಲಾರೆ. ಅವಳು ಕೈಯೆತ್ತಿದಾಗ ನನಗೆ ಮೊದಲು ನೆನಪಾದದ್ದು 1996ರ ನಿಮ್ಮ ಬರಹವಲ್ಲ. ಚೇತನ್‌ಕುಮಾರರ ಆರ್ಡರ್. ಇನ್ನರ್ಧ ಆಟ ತಾನೇ ಎಂದುಕೊಂಡೆ. ಆಮೇಲೆ ತಲೆಯೆತ್ತಿದರೆ ನೀವು ಮೇಜಿನ ಮುಂದೆ ನಿಂತಿದ್ದಿರಿ. ನೀವು ಅಲ್ಲಿ ಇಲ್ಲದಿದ್ದರೆ ಆಡಿಸಿಬಿಡುತ್ತಿದ್ದೆನೇನೋ. ಆಡಿಸುತ್ತಿರಲಿಲ್ಲ ಎಂದು ಹೇಳಿಕೊಳ್ಳಲು ಎಷ್ಟೋ ಸಲ ಕಂಬಳಿ ಹಾಸಿ ಒಬ್ಬನೇ ಕೂತಿದ್ದೇನೆ. ಹೇಳಲು ಆಗಿಲ್ಲ.

ಪತ್ರಿಕೆಗೆ ಬರೆಯಬೇಡಿ. ನಿಮ್ಮ ಮೊಮ್ಮಗಳು ಯಾರೆಂದು ಆ ಊರಿಗೆಲ್ಲ ಗೊತ್ತು. ಮಮತಾಳೂ ಇದ್ದಾಳೆ. ನನ್ನ ಹೆಸರು ಹಾಳಾದರೆ ಈ ಕೆರೆಯಂಗಳದ ಮಕ್ಕಳಿಗೆ ಏನೂ ಆಗುವುದಿಲ್ಲ, ಅವರಿಗೆ ಪೇಪರು ಬರುವುದಿಲ್ಲ. ನಿಮಗೆ ಮನಸ್ಸಿದ್ದರೆ ಒಂದು ಭಾನುವಾರ ಇತ್ತ ಬನ್ನಿ.

ನಿಮ್ಮ ಪಾಲಯ್ಯ


ಚಿತ್ರದುರ್ಗ
6 ಜುಲೈ 2025

ಚಿ. ಪಾಲಯ್ಯನಿಗೆ,

ನೀನು ಬೇಡ ಎಂದೆ. ನಾನು ಬರೆದೆ. ಆದರೆ ಈ ಸಲ ಕೇಳಿ ಬರೆದೆ.

ನಿನ್ನ ಕಾಗದವನ್ನು ಕಾವ್ಯಶ್ರೀಗೆ ಕೊಟ್ಟೆ. ಗೋಡೆಗೆ ಚೆಂಡು ಹೊಡೆದ ಮಾತು ಬಂದಾಗ ಎದ್ದು ಹಿತ್ತಿಲಿಗೆ ಹೋದಳು. ಬಹಳ ಹೊತ್ತಿನ ಮೇಲೆ ಬಂದು ಕೂತಳು. "ಬರಿ ಅಜ್ಜ. ಸರ್ ಹೆಸ್ರು ಹಂಗೇ ಇರಬಾರ್ದು" ಎಂದಳು.

ನಾನು ಬರೆದು ತೋರಿಸಿದೆ. ಅವಳ ಹೆಸರು ಹಾಕಿರಲಿಲ್ಲ. "ಒಬ್ಬ ಆಟಗಾರ್ತಿ" ಎಂದು ಬರೆದಿದ್ದೆ. ಮುಚ್ಚಿ ಬರೆಯಲು ಬರುವುದಿಲ್ಲ ಎಂದು ನಿನ್ನ ಮುಂದೆ ಜಂಬ ಕೊಚ್ಚಿದವನಿಗೆ, ಮನೆಯವರ ಮಾತು ಬಂದ ಕೂಡಲೇ ಮುಚ್ಚಿ ಬರೆಯುವುದು ಬಂದಿತ್ತು.

ಅವಳು ಓದಿ, "ಯಾರಜ್ಜ ಇವ್ಳು, ಒಬ್ಬ ಆಟಗಾರ್ತಿ? ನಂಗೆ ಇನ್ನೊಂದು ಸುಳ್ಳು ಹೆಸ್ರಾ?" ಎಂದಳು.

"ಆಡಲು ಬಿಡುವುದಿಲ್ಲ ಮಗಳೇ, ನಿಷೇಧ ಹಾಕುತ್ತಾರೆ."

"ಹಾಕ್ಲಿ. ಅಷ್ಟರಾಗೆ ಓದು ಮುಗಿಸ್ತೀನಿ. ಮಮತಾದು ಮಾತ್ರ ಬರೀಬೇಡ, ಅವ್ಳು ಹೂಂ ಅಂದಿದ್ದು ಬಿಟ್ರೆ ಏನೂ ಮಾಡಿಲ್ಲ."

ಹೊಸದಾಗಿ ಬರೆದೆ. ಚೇತನ್‌ಕುಮಾರ್ ಮಾಡಿದ್ದು, ನೀನು ಮಾಡಿದ್ದು, ಮಾಡದೆ ಬಿಟ್ಟದ್ದು, ನಾನು ಮಾಡಿದ್ದು, ಎಲ್ಲವನ್ನೂ ಬರೆದೆ. ನಿನ್ನನ್ನು ದೊಡ್ಡವನನ್ನಾಗಿ ಮಾಡಿಲ್ಲ. ನನ್ನನ್ನೂ ಬಿಟ್ಟಿಲ್ಲ. ಪ್ರಶ್ನಾರ್ಥಕ ಚಿಹ್ನೆ ಎಲ್ಲಿಯೂ ಇಲ್ಲ. ಇದರಿಂದ ನಿನ್ನ ಕೆಲಸ ಮರಳಿ ಬರುವುದಿಲ್ಲ ಎಂದು ಗೊತ್ತು. ಪತ್ರಿಕೆಯವರು ಹಾಕುತ್ತಾರೋ ಇಲ್ಲವೋ ಅದೂ ಗೊತ್ತಿಲ್ಲ. ನಾಳೆ ಚಂದ್ರವಳ್ಳಿಗೆ ಹೋಗಿ, ದುರುಗಣ್ಣನ ಗುಂಪಿಗೆ ನಾನೇ ಬಾಯಿಬಿಟ್ಟು ಹೇಳುತ್ತೇನೆ. ಅದಕ್ಕೆ ಸಂಪಾದಕರ ಅಪ್ಪಣೆ ಬೇಕಾಗಿಲ್ಲ.

ಅವಳನ್ನು ಇಲ್ಲಿಯ ಕಾಲೇಜಿನಲ್ಲಿ ಎರಡನೇ ವರ್ಷಕ್ಕೆ ಸೇರಿಸಿದೆ. ನೀನು ಹೇಳಿದ ಹಾಗೆ ಜೊತೆಗೆ ಹೋದೆ, ಬೈಯಲಿಲ್ಲ.

ಮುಂದಿನ ಭಾನುವಾರ ಮೊದಲ ಬಸ್ಸಿಗೆ ಇಬ್ಬರೂ ಬರುತ್ತೇವೆ. ಕಂಬಳಿ ಹಾಸಿರು. ನಾನು ಚಪ್ಪಲಿ ಬಿಟ್ಟು ಅಂಚಿನಲ್ಲಿ ಕೂರುತ್ತೇನೆ. ನೀನು ಕೇಳುವವನಾಗು.

ಪತ್ರಿಕೆಯ ಬರಹಕ್ಕೆ ಸೀಲು ಒತ್ತಲು ಹೋದವನು ನಿಲ್ಲಿಸಿದೆ. ಮುಖ್ಯೋಪಾಧ್ಯಾಯರು ಎಂಬ ಅಕ್ಷರಗಳನ್ನು ನೋಡಲಾಗಲಿಲ್ಲ. ಕೈಯಿಂದಲೇ "ಕಾವ್ಯಶ್ರೀಯ ಅಜ್ಜ" ಎಂದು ಬರೆದೆ. ಅವಳು ತನ್ನ ಹೆಸರಿನ ಒಂದೊಂದು ಅಕ್ಷರದ ಮೇಲೂ ಬೆರಳಿಟ್ಟು ನೋಡಿ, "ಸರಿಯಾಗೈತೆ" ಎಂದಳು. ಲಕೋಟೆಗೆ ಅಂಟು ಹಚ್ಚಿ, ತಾನೇ ಅಂಚೆ ಡಬ್ಬಿಗೆ ಹಾಕಿಬರಲು ಹೋಗಿದ್ದಾಳೆ.

ಗಿರಿಯಪ್ಪ